ರೂಢಿಬೆಲೆ

ಜನವರಿ 12, ಭಾನುವಾರ

ತಂಗಿ, ನೀನು ಹೇಗಿದ್ದೀಯ? ನಿನ್ನ ಯಜಮಾನರ ಮಂಡಿನೋವು ಇಳಿಯಿತೇ, ಇನ್ನೂ ಮೆಟ್ಟಿಲು ಕಂಡರೆ ಮೆಟ್ಟಿಲಿಗೇ ಬೈಯುತ್ತಾರೆಯೇ? ಗಿಳಿಮರಿಯ ಕೆಮ್ಮು ಹೋಯಿತೇ? ಮೊದ್ದುಮಣಿಗೆ ಮುಂದಿನ ಹಲ್ಲು ಬಂದವೇ? ನಿನ್ನ ಅತ್ತೆಯವರಿಗೆ ಈಗ ಕಿವಿ ಕೇಳಿಸುತ್ತದೆಯೋ, ಬೇಕಾದದ್ದು ಮಾತ್ರ ಕೇಳಿಸುತ್ತದೆಯೋ? ಎಲ್ಲರನ್ನೂ ಕೇಳಿದೆನೆಂದು ಹೇಳು.

ಹೇಳು ಎಂದು ಬರೆದೆ, ಅಷ್ಟೆ. ಇದನ್ನು ನೀನು ಓದುವುದಿಲ್ಲ. ನಿನಗೆ ಬರೆಯುವ ಕಾಗದಗಳನ್ನು ಅಣ್ಣನೇ ಅಂಚೆಗೆ ಹಾಕುವುದು. "ಕೊಡು ಪಾಪು, ದಾರೀಲೇ ಇದೆ, ಹಾಕ್ತೀನಿ" ಅನ್ನುತ್ತಾನೆ. ಐವತ್ತಾರು ವರ್ಷದ ನಾನು ಅವನಿಗೆ ಇನ್ನೂ ಪಾಪುವೇ. ಹಾಕುವ ಮುಂಚೆ ಓದುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವನು. ಹಾಗಾಗಿ ನಿನಗೆ ಬರುವ ಕಾಗದದಲ್ಲೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಎಂದಿರುತ್ತದೆ. ಉಳಿದದ್ದು ಈ ನೋಟುಬುಕ್ಕಿಗೆ.

ಇಂದು ಗ್ರಂಥಾಲಯದ ಮಹಡಿಯಲ್ಲಿ ಗಣಿತದ ತರಗತಿ ಶುರುವಾಯಿತು. ಹತ್ತನೇ ತರಗತಿಯ ಉಳಿದ ವಿಷಯಗಳೆಲ್ಲ ಹೋದ ವರ್ಷವೇ ಆದವು. ಗಣಿತ ಮಾತ್ರ ನನ್ನನ್ನು ಕೆಳಗೆ ತಳ್ಳಿತು. ಈ ಮಾರ್ಚಿನಲ್ಲಿ ಪಾಸಾದರೆ ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ ಸಹಾಯಕ ಮೇಟ್ರನ್ ಜಾಗ. ಜೊತೆಗೆ ಓದುವ ದರ್ಜಿ ಹೆಂಗಸು ಅಲ್ಲಿಗೆ ಪರದೆ ಹೊಲಿದುಕೊಡುತ್ತಾಳೆ, ಅವಳೇ ಹೇಳಿದ್ದು. ಜೂನ್‌ವರೆಗೆ ಕಾಯುತ್ತಾರಂತೆ. ಅಲ್ಲಿ ನನಗೊಂದು ಕೋಣೆ, ಆ ಕೋಣೆಗೊಂದು ಕೀಲಿಕೈ. ಇದು ಯಾರಿಗೂ ಗೊತ್ತಿಲ್ಲ, ನಿನಗೂ.

ಪುಸ್ತಕದಲ್ಲಿ "ಬಹುಲಕ" ಎಂದಿದೆ. ಮೇಷ್ಟ್ರು ನಿವೃತ್ತರು, "ನಮ್ಮ ಕಾಲದಲ್ಲಿ ಇದನ್ನ ರೂಢಿಬೆಲೆ ಅಂತಿದ್ವಿ" ಅಂದರು. ಆ ಮಾತು ನನಗೆ ಹಿಡಿಸಿತು.

"ರೂಢಿಗೂ ಬೆಲೆ ಕಟ್ಟೋದಾ ಸಾರ್?" ಎಂದು ಕೇಳಿದೆ.

"ಬೆಲೆ ಅಂದ್ರೆ ಇಲ್ಲಿ ಅಂಕಿಯಮ್ಮ. ಯಾವ ಅಂಕಿ ಪದೇ ಪದೇ ಬರುತ್ತೋ ಅದು."

ಇಲ್ಲಿ ಎಲ್ಲರೂ ಕ್ಷೇಮ.


ಜನವರಿ 15, ಬುಧವಾರ

ಅತ್ತಿಗೆ ಮಲಗಿದ್ದಾರೆ. ಮಧ್ಯಾಹ್ನದ ಈ ಒಂದು ಗಂಟೆ ನನ್ನದು.

ಮನೆಯ ವಿಷಯ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಮೊದಲ ಮಹಡಿ, ಮೂರು ಕೋಣೆ, ಒಂದೇ ಬಾಗಿಲು. ಅತ್ತಿಗೆಯ ಕೋಣೆಯ ಕಿಟಕಿಗೆ ಸರಳು, ಅದರ ಕೆಳಗೆ ಬೀದಿ, ಬೀದಿಯಲ್ಲಿ ಚಪ್ಪಲಿ ಹೊಲಿಯುವವನ ಕೊಡೆ. ಅಣ್ಣ ಒಂಬತ್ತೂವರೆಗೆ ಕನ್ನಡಕದ ಅಂಗಡಿಗೆ ಹೊರಡುವಾಗ ಹೊರಗಿನಿಂದ ಬೀಗ ತಿರುಗಿಸುತ್ತಾನೆ. ಬಾಗಿಲಿನಲ್ಲೇ ಕೂರಿಸಿದ ಬೀಗ, ಕೀಲಿಕೈ ಇಲ್ಲದೆ ಒಳಗಿನಿಂದಲೂ ತೆರೆಯುವುದಿಲ್ಲ. ಸಂಜೆ ಆರೂವರೆಗೆ ಬಂದು ತೆಗೆಯುತ್ತಾನೆ. ಭಾನುವಾರ ಅಂಗಡಿಗೆ ರಜೆ, ಅವನು ಮನೆಯಲ್ಲಿರುತ್ತಾನೆ, ನಾನು ತರಗತಿಗೆ ಹೋಗುವುದು ಆಗಲೇ.

ಅವನದೂ ತಪ್ಪೆನ್ನಲಾರೆ. ನಾನು ಬಂದ ಹೊಸದರಲ್ಲಿ ಬಾಗಿಲು ಒರಗಿಸಿ ಔಷಧಿಗೆ ಕೆಳಗಿಳಿದಿದ್ದೆ. ಯಾರೋ ಒಬ್ಬ ಬಂದು ಅತ್ತಿಗೆಯ ಕಣ್ಣೆದುರಿಗೇ ಗೋಡೆಯ ಗಡಿಯಾರ ಇಳಿಸಿಕೊಂಡು ಹೋದ. ಲಕ್ವ ಹೊಡೆದ ಮೇಲೆ ಅತ್ತಿಗೆಗೆ ಉಳಿದಿರುವುದು ಎಡಗೈ ಮತ್ತು ಒಂದೇ ಒಂದು ಮಾತು, "ಅಲ್ಲ". ಗಂಜಿ ಬೇಕೇ ಅಂದರೂ ಅಲ್ಲ, ಸಾಕೇ ಅಂದರೂ ಅಲ್ಲ. ಕಳ್ಳನಿಗೂ ಅಲ್ಲ, ಅಲ್ಲ ಅಂದಿರಬೇಕು. ಅವನು ಇದಲ್ಲದಿದ್ದರೆ ಇನ್ನೊಂದಿರಲಿ ಅಂತ ರೇಡಿಯೋವನ್ನೂ ಎತ್ತಿಕೊಂಡ.

ಬೀಗದ ಜೊತೆ ಎರಡು ಕೀಲಿಕೈ ಬಂದಿದ್ದವು. ಒಂದು ಮೊದಲ ತಿಂಗಳಲ್ಲೇ ಕಳೆದುಹೋಯಿತು. ಇನ್ನೊಂದು ಮಾಡಿಸುತ್ತೇನೆ ಅಂತ ಅಣ್ಣ ಹನ್ನೊಂದು ವರ್ಷದಿಂದ ಹೇಳುತ್ತಿದ್ದಾನೆ. ನಾನೂ ಹದಿನೈದು ದಿನಕ್ಕೆ ಅಂತ ಬಂದವಳು.

ಅತ್ತಿಗೆಯ ಮಂಚದಿಂದ ಬಚ್ಚಲಿಗೆ ಹತ್ತೊಂಬತ್ತು ಹೆಜ್ಜೆ. ಬೇಸರವೇನಿಲ್ಲ.


ಜನವರಿ 27, ಸೋಮವಾರ

ಮೇಷ್ಟ್ರು ಮನೆಗೆಲಸ ಕೊಟ್ಟಿದ್ದರು. ನಿಮ್ಮ ಬದುಕಿನಲ್ಲಿ ದಿನಾ ಎಣಿಸಬಹುದಾದ ಒಂದನ್ನು ಒಂದು ವಾರ ಎಣಿಸಿ ತನ್ನಿ ಅಂದರು. ಬಸ್ಸಿನ ಡ್ರೈವರ್ ಒಬ್ಬನಿದ್ದಾನೆ, ಅವನಿಗೆ ಪ್ರಯಾಣಿಕರು. ದರ್ಜಿಗೆ ಗಿರಾಕಿಗಳು. ನನಗೆ ಏನಿದೆ? ಅತ್ತಿಗೆಯ ದಿಂಬಿನ ಪಕ್ಕ ಕೈಗಂಟೆ ಇದೆ. ಏನು ಬೇಕಾದರೂ ಎಡಗೈಯಲ್ಲಿ ಅದನ್ನು ಬಾರಿಸುತ್ತಾರೆ. ಅದನ್ನೇ ಎಣಿಸಿದೆ.

ಸೋಮವಾರದಿಂದ ಭಾನುವಾರದವರೆಗೆ: 9, 14, 9, 11, 9, 16, 12.

ಶನಿವಾರ ಹದಿನಾರು ಯಾಕಾಯಿತೋ. ಅಂದು ಬೆಳಿಗ್ಗೆ ಅಣ್ಣನಿಗೆ ಹಾಸ್ಟೆಲಿನ ವಿಷಯ ಬಾಯಿಬಿಟ್ಟಿದ್ದೆ. ಅವನು ಬೂಟಿನ ದಾರ ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ.

"ಅಲ್ಲೇನು ಮಾಡ್ತೀಯ ಪಾಪು? ಇಲ್ಲಿ ನಿನಗೆ ರೂಢಿಯಾಗಿದೆ. ಅವಳಿಗೂ ನೀನೇ ರೂಢಿ."

"ಪರೀಕ್ಷೆಯಂತೂ ಬರೀತೀನಿ ಅಣ್ಣ. ಮಾರ್ಚ್ ಇಪ್ಪತ್ತಾರು, ಬುಧವಾರ."

"ಬರಿ, ಬರಿ. ಆ ದಿನ ನಾನು ಮನೇಲಿರ್ತೀನಿ. ಯಾರು ಬೇಡ ಅಂದ್ರು?"

ಯಾರೂ ಬೇಡ ಅನ್ನುವುದಿಲ್ಲ, ಅದೇ ಇಲ್ಲಿಯ ವಿಶೇಷ.

ಇಂದು ಮಂಚದ ಪಕ್ಕ ಕೂತು ಲೆಕ್ಕ ಮಾಡಿದೆ. ಒಂಬತ್ತು ಮೂರು ಸಲ ಬಂದಿದೆ. ರೂಢಿಬೆಲೆ: 3. ಇನ್ನೊಂದು ಪ್ರಶ್ನೆ ವ್ಯಾಪ್ತಿ. ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಅಂತ ತಾನೇ? 9 ರಿಂದ 16 ಎಂದು ಬರೆದೆ. ಜೋರಾಗಿ ಓದಿಕೊಂಡೆ, ಇಲ್ಲಿಗೆ ಬರುವ ಮುಂಚೆ ಬೈಂಡಿಂಗ್ ಪ್ರೆಸ್ಸಿನ ಕೆಲಸದಲ್ಲಿದ್ದಾಗ ಕಲಿತ ಅಭ್ಯಾಸ.

"ಅಲ್ಲ" ಅಂದರು ಅತ್ತಿಗೆ.

"ಆಯ್ತು ಅತ್ತಿಗೆ" ಅಂದು ದಿಂಬು ಸರಿಮಾಡಿದೆ.

ಅಲ್ಲೇ ಅವರ ಹಳೆಯ ಕನ್ನಡಕದ ಡಬ್ಬಿ ಇತ್ತು, ಧೂಳು ಒರೆಸಿ ಇಟ್ಟೆ. ಒಳಗೆ ಏನೋ ಅಲುಗಾಡುತ್ತದೆ, ಕಡ್ಡಿ ಮುರಿದಿರಬೇಕು.


ಫೆಬ್ರವರಿ 2, ಭಾನುವಾರ

ತಂಗಿ, ಇಂದು ಮಾನ ಹೋಯಿತು. ಮೇಷ್ಟ್ರು ನನ್ನ ಹಾಳೆ ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಏನಮ್ಮ, ನಿಮ್ಮ ಮನೆಗೆ ಪದೇ ಪದೇ ಬರೋರು ಯಾರು ಅಂತ ನಾನು ಕೇಳಿದ್ರೆ, 'ಮೂರು ಸಲ' ಅಂತೀರಾ?"

"ಇಲ್ಲ ಸಾರ್. ಯಾರು ಅಂತ ಹೇಳ್ತೀನಿ."

"ಹಾಗಾದ್ರೆ ಹೇಳಿ. ಇಲ್ಲಿ ಪದೇ ಪದೇ ಬಂದೋರು ಯಾರು?"

"ಒಂಬತ್ತು."

"ಅದೇ ರೂಢಿಬೆಲೆ. ಮೂರು ಅನ್ನೋದು ಅದು ಬಂದ ಸಲ. ಬಂದೋರನ್ನ ಬಿಟ್ಟು ಬಾಗಿಲು ಸದ್ದಾಗಿದ್ದನ್ನ ಎಣಿಸ್ತೀರಿ ನೀವು."

ದರ್ಜಿ ಹೆಂಗಸು ನಕ್ಕಳು. ಅವಳ ಉತ್ತರ ಇನ್ನೂ ಚೆನ್ನಾಗಿತ್ತು, ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನೇ ರೂಢಿಬೆಲೆ ಎಂದು ಬರೆದಿದ್ದಳು. "ಹೆಚ್ಚು ಅಂದ್ರೆ ದೊಡ್ಡದೇ ಅಲ್ವಾ ಸಾರ್?" ಹೆಚ್ಚು ಸಲ ಬಂದದ್ದು ಬೇರೆ, ಹೆಚ್ಚಿನದು ಬೇರೆ ಅಂತ ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಹೊತ್ತಾಯಿತು. ವ್ಯಾಪ್ತಿ ಮುಂದಿನ ವಾರಕ್ಕೆ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಅನ್ನಿಸಿತು, ಹನ್ನೊಂದು ವರ್ಷದಿಂದ ಎಷ್ಟು ಸಲ ಎಂದು ಎಣಿಸುತ್ತಲೇ ಇದ್ದೇನೆ. ಯಾಕೆ ಕರೆದರು ಅನ್ನುವುದು ಒಂದೂ ನೆನಪಿಲ್ಲ.


ಫೆಬ್ರವರಿ 5, ಬುಧವಾರ

ಇಂದು ತಾಳ್ಮೆ ಕಳೆದುಕೊಂಡೆ. ಗಂಜಿ ಒಲೆಯ ಮೇಲಿತ್ತು. ಗಂಟೆ ಬಾರಿಸಿತು. ಬಾರಿಸುತ್ತಲೇ ಹೋಯಿತು, ಒಂದೊಂದಾಗಿ, ನಡುವೆ ಬಿಟ್ಟು ಬಿಟ್ಟು. ಏಳು. ಓಡಿಹೋದೆ. ನೀರು ಬೇಡ, ಬಟ್ಟೆ ಒಣಗಿದೆ, ದಿಂಬು ಸರಿಯಿದೆ. ಎಡಗೈ ಬೆರಳನ್ನು ನನ್ನ ನೋಟುಬುಕ್ಕಿನತ್ತ ತೋರಿಸಿ "ಅಲ್ಲ" ಅಂದರು.

"ಓದೋದು ಬೇಡ ಅಂತಲಾ ಅತ್ತಿಗೆ? ಇದೊಂದನ್ನೂ ಬಿಡಬೇಕಾ?"

"ಅಲ್ಲ."

ಮತ್ತೆ ಗಂಟೆ ಎತ್ತಿ ಏಳು ಬಾರಿಸಿದರು. ಗಂಜಿ ಉಕ್ಕಿ ಒಲೆ ಆರಿತು. ನಾನು ಗಂಟೆಯನ್ನು ಅವರ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟೆ, ಅವರ ಕೈಗೆ ಎಟುಕದ ಕಡೆ. ಒಲೆ ಒರೆಸಿ ಬಂದು ಮತ್ತೆ ಕೊಟ್ಟೆ. ಅಷ್ಟು ಹೊತ್ತೂ ಅವರು ಕಿಟಕಿಯನ್ನು ನೋಡುತ್ತಿದ್ದರು.

ನಿನಗೆ ಹೇಳದೆ ಇನ್ನಾರಿಗೆ ಹೇಳಲಿ? ನಾನು ಇಂಥವಳಾಗಿದ್ದೇನೆ.

ಇಂದಿನ ಲೆಕ್ಕಕ್ಕೆ ಆ ಏಳನ್ನು ಏಳು ಎಂದು ಸೇರಿಸಲೋ, ಒಂದು ಎಂದೋ?


ಫೆಬ್ರವರಿ 9, ಭಾನುವಾರ

ಡ್ರೈವರ್ ತನ್ನ ಹಾಳೆ ಓದಿದ: "ವ್ಯಾಪ್ತಿ, ಹನ್ನೆರಡರಿಂದ ನಲವತ್ತೇಳು."

"ಎಲ್ಲಿಂದ ಎಲ್ಲಿಗೆ ಅಂತ ಅಲ್ಲಪ್ಪ. ಎಷ್ಟು ದೂರ ಅಂತ. ಒಂದೇ ಅಂಕಿ ಬೇಕು ನನಗೆ."

"ಸಾರ್, ಬಸ್ಸಿನ ಬೋರ್ಡ್ ಮೇಲೆ ಎಲ್ಲಿಂದ ಎಲ್ಲಿಗೆ ಅಂತಲೇ ಬರೆಯೋದು. ಕಿಲೋಮೀಟರ್ ಬರೆದ್ರೆ ಯಾರೂ ಹತ್ತಲ್ಲ."

"ಪರೀಕ್ಷೇಲಿ ಬೋರ್ಡ್ ಕೇಳಲ್ಲ, ಮೀಟರ್ ಕೇಳ್ತಾರೆ. ದೊಡ್ಡದರಲ್ಲಿ ಚಿಕ್ಕದನ್ನ ಕಳೀರಿ. ಪಟ್ಟಿಯ ಕೊನೇದರಲ್ಲಿ ಮೊದಲನೇದನ್ನಲ್ಲ ಮತ್ತೆ. ಕೊನೇಲಿ ನಿಂತವನೇ ದೊಡ್ಡವನು ಅಂತೇನಿಲ್ಲ."

ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಗುತ್ತಲೇ ನನ್ನ ಹಾಳೆಯಲ್ಲಿ "9 ರಿಂದ 16" ಹೊಡೆದುಹಾಕಿದೆ. ಹದಿನಾರರಲ್ಲಿ ಒಂಬತ್ತು ಕಳೆದರೆ ಏಳು.

ಏಳು, ತಂಗಿ.

ಉಳಿದ ತರಗತಿ ನನಗೆ ಕೇಳಿಸಲಿಲ್ಲ.


ಫೆಬ್ರವರಿ 10, ಸೋಮವಾರ

ಅಣ್ಣ ಬೀಗ ತಿರುಗಿಸಿ ಹೋದ ಮೇಲೆ ಅತ್ತಿಗೆಯ ಮುಂದೆ ಕೂತೆ. ಹನ್ನೊಂದು ವರ್ಷ ಅವರ ಮೈ ತೊಳೆದಿದ್ದೇನೆ, ಉಗುರು ಕತ್ತರಿಸಿದ್ದೇನೆ. ಅವರ ಜೊತೆ ಮಾತಾಡಿದ್ದು ಕಡಿಮೆ. ಎಲ್ಲಕ್ಕೂ ಅಲ್ಲ ಅನ್ನುವವರ ಜೊತೆ ಎಷ್ಟು ಅಂತ ಮಾತಾಡುವುದು?

"ಹದಿನಾರರಲ್ಲಿ ಒಂಬತ್ತು ಕಳೆದ್ರೆ ಏಳು. ಅದನ್ನೇ ಹೇಳಿದ್ರಾ ಅತ್ತಿಗೆ?"

"ಅಲ್ಲ" ಅಂದರು. ಎಡಗಡೆಯ ತುಟಿ ಮಾತ್ರ ನಗುತ್ತದೆ ಅವರಿಗೆ, ಅದು ನಕ್ಕಿತು.

ನಾನು ಮರೆತೇಬಿಟ್ಟಿದ್ದೆ. ಕಾಯಿಲೆ ಬೀಳುವ ಮುಂಚೆ ಅಂಗಡಿಗೆ ಸರಕು ತರಿಸುತ್ತಿದ್ದವರು ಅತ್ತಿಗೆಯೇ. ಯಾವ ನಂಬರಿನ ಕನ್ನಡಕ ಹೆಚ್ಚು ಹೋಗುತ್ತದೆ, ಯಾವುದು ಪೆಟ್ಟಿಗೆಯಲ್ಲೇ ಹಳೆಯದಾಗುತ್ತದೆ, ಎಲ್ಲ ಅವರ ತಲೆಯಲ್ಲಿತ್ತು.

"ಓದೋ ಕನ್ನಡಕದಲ್ಲಿ ರೂಢಿಬೆಲೆ ಯಾವುದು ಅತ್ತಿಗೆ?" ಎಂದು ಕೇಳಿದೆ.

ಗಂಟೆ ಎರಡು ಸಲ ಬಾರಿಸಿತು. ಪ್ಲಸ್ ಎರಡು.

ಪುಸ್ತಕದಿಂದ ಇನ್ನೊಂದು ಲೆಕ್ಕ ಓದಿದೆ, ಮತ್ತೊಂದು ಓದಿದೆ. ನಾನು ತಪ್ಪಿದಾಗ ಅಲ್ಲ, ಸರಿಯಾದಾಗಲೂ ಅಲ್ಲ. ಆದರೆ ತಪ್ಪಿದಾಗಿನ ಅಲ್ಲ ಮೋಟು, ಸರಿಯಾದಾಗಿನದು ಕೊಂಚ ಎಳೆದದ್ದು. ಇಷ್ಟು ವರ್ಷ ಎರಡೂ ನನಗೆ ಒಂದೇ ಕೇಳಿಸಿದ್ದವು. ಗಂಜಿ ಸಾಕೇ ಅಂದಾಗ ಎಷ್ಟು ಸಲ ಬೇಡವಾದದ್ದನ್ನು ತಿನ್ನಿಸಿದ್ದೇನೋ.


ಫೆಬ್ರವರಿ 16, ಭಾನುವಾರ

ದರ್ಜಿಯ ಪಟ್ಟಿ: ಅಂಗಿಯ ಅಳತೆ 38 ಮೂರು ಜನಕ್ಕೆ, 42 ಮೂರು ಜನಕ್ಕೆ, 44 ಒಬ್ಬರಿಗೆ. ರೂಢಿಬೆಲೆ ಎಷ್ಟು ಅಂದರೆ 40 ಅಂದಳು. ಎರಡು ಬಂದಿವೆ, ಕೂಡಿಸಿ ಅರ್ಧ ಮಾಡಿದಳು.

"ಆ ನಲವತ್ತರ ಅಂಗಿ ಯಾರಿಗೆ ಆಗುತ್ತಮ್ಮ?" ಎಂದರು ಮೇಷ್ಟ್ರು.

"ಯಾರಿಗೂ ಆಗಲ್ಲ ಸಾರ್. ಮೂರು ಜನಕ್ಕೆ ದೊಗಳೆ, ಮೂರು ಜನಕ್ಕೆ ಗುಂಡಿ ಹಾಕೋಕಾಗಲ್ಲ. ಆರು ಜನಾನೂ ಬಂದು ನನ್ನನ್ನೇ ಬೈತಾರೆ."

"ಹಾಗಾದ್ರೆ ಎರಡೂ ಇರ್ಲಿ ಬಿಡಿ. ಎರಡು ರೂಢಿಬೆಲೆ ಇರಬಹುದು. ಒಂದೂ ಇಲ್ಲದೇ ಇರಬಹುದು, ಎಲ್ಲ ಒಂದೊಂದೇ ಸಲ ಬಂದಿದ್ರೆ. ಆಗ 'ಇಲ್ಲ' ಅಂತ ಬರೀರಿ, ಸೊನ್ನೆ ಅಂತ ಬರೀಬೇಡಿ. ಸೊನ್ನೆ ಅನ್ನೋದು ಒಂದು ಅಂಕಿ. ಇಲ್ಲ ಅನ್ನೋದು ಬೇರೆ."

ಮನೆಗೆ ಬಂದು ಅತ್ತಿಗೆಗೆ ನಲವತ್ತರ ಅಂಗಿಯ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಣ್ಣ ಬಂದು ಬಾಗಿಲಲ್ಲಿ ನಿಂತು, "ಏನಾಯ್ತು, ಏನಾಯ್ತು" ಅಂದ. ಇಬ್ಬರೂ ಹೇಳಲಿಲ್ಲ. ಒಬ್ಬರಿಗೆ ಆಗುವುದಿಲ್ಲ, ನನಗೆ ಬೇಕಿರಲಿಲ್ಲ.


ಫೆಬ್ರವರಿ 27, ಗುರುವಾರ

ಹದಿನೈದು ದಿನದಿಂದ ಗಂಟೆ ನಾಲ್ಕು, ಐದು, ನಾಲ್ಕು. ಲೆಕ್ಕದ್ದನ್ನು ಬಿಟ್ಟು. ಯಾಕೆ ಇಳಿಯಿತೋ ತಿಳಿಯದು. ಹವೆ ಬದಲಾದದ್ದಕ್ಕಿರಬೇಕು.


ಮಾರ್ಚ್ 9, ಭಾನುವಾರ

ವ್ಯಾಪ್ತಿ ಸೊನ್ನೆ ಆಗಬಹುದೇ ಎಂದು ಡ್ರೈವರ್ ಕೇಳಿದ. ಎಲ್ಲ ಅಂಕಿಯೂ ಒಂದೇ ಆದರೆ ಆಗುತ್ತದೆ ಅಂದರು ಮೇಷ್ಟ್ರು.

ಒಂಬತ್ತೂವರೆಗೆ ಬೀಗ, ಆರೂವರೆಗೆ ಬೀಗ. ಹತ್ತೊಂಬತ್ತು ಹೆಜ್ಜೆ, ಹತ್ತೊಂಬತ್ತು ಹೆಜ್ಜೆ. ನನ್ನ ಹನ್ನೊಂದು ವರ್ಷವನ್ನು ಒಂದು ಸಾಲಿನಲ್ಲಿ ಬರೆದು ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಏನು ಉಳಿಯುತ್ತದೆ?

ಕಿಟಕಿ ತೆರೆಯಲೆಂದು ಎದ್ದೆ. ತರಗತಿಯ ಕಿಟಕಿ ತೆರೆದೇ ಇತ್ತು.


ಮಾರ್ಚ್ 20, ಗುರುವಾರ

ಅಣ್ಣನಿಗೆ ಮತ್ತೆ ನೆನಪಿಸಿದೆ. "ಇಪ್ಪತ್ತಾರಲ್ವಾ? ತಲೇಲಿದೆ ಪಾಪು" ಅಂದ.

ಅವನ ತಲೆ ದೊಡ್ಡದು, ತುಂಬ ಸಾಮಾನು ಇದೆ ಅದರಲ್ಲಿ.


ಮಾರ್ಚ್ 25, ಮಂಗಳವಾರ

ಪೆನ್ನು ಎರಡು, ಅಡ್ಡಪಟ್ಟಿ, ಪ್ರವೇಶಪತ್ರ. ಅತ್ತಿಗೆ ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದರು. ಮೂರು ಲೆಕ್ಕ ಮಾಡಿಸಿದರು. ಮೂರನೆಯದರಲ್ಲಿ ಮತ್ತೆ ಬಂದ ಸಲವನ್ನೇ ಬರೆದುಬಿಟ್ಟೆ. ಮೋಟು ಅಲ್ಲ. ಮತ್ತೊಂದು ಮೋಟು ಅಲ್ಲ. ಹಳೆಯ ತಪ್ಪು ಕೈಗೆ ಎಷ್ಟು ರೂಢಿಯಾಗಿದೆ ನೋಡಿ ಅತ್ತಿಗೆ, ಅಂದೆ.


ಮಾರ್ಚ್ 26, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತೂಕಾಲಿಗೆ ಅತ್ತಿಗೆಯ ಮೈ ಒರೆಸುತ್ತಿದ್ದೆ. ಹತ್ತೂವರೆಗೆ ಪರೀಕ್ಷೆ, ನಡೆದರೆ ಅರ್ಧ ಗಂಟೆಯ ದಾರಿ. ಅಣ್ಣ ಹೊರಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ, ಬಟ್ಟಲು ಇಟ್ಟ ಸದ್ದಾಯಿತು. ಆಮೇಲೆ ಬಾಗಿಲು. ಆಮೇಲೆ ಬೀಗ.

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಓಡಿದೆ. ಬಾಗಿಲು ಬಡಿದೆ, ಅಣ್ಣಾ ಅಂದೆ. ಅವನು ಮೆಟ್ಟಿಲಿಳಿದಾಗಿತ್ತು. ಮನೆಗಿರುವ ಒಂದೇ ಫೋನು, ಅವನದು, ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದು ಹಾಗೆಯೇ ಇತ್ತು. ಅದನ್ನು ತೆರೆಯುವ ಅಂಕಿ ನನಗೆ ಗೊತ್ತಿಲ್ಲ. ಕಿಟಕಿಗೆ ಹೋಗಿ ಚಪ್ಪಲಿ ಹೊಲಿಯುವವನನ್ನು ಕೂಗಿದೆ.

"ನಮ್ಮಣ್ಣ ಹೋದದ್ದು ನೋಡಿದ್ಯಾ?"

"ಆಗಲೇ ಬಸ್ ಹತ್ತಿದ್ರಲ್ಲಮ್ಮ. ಏನಾಗ್ಬೇಕಿತ್ತು?"

ಅಂಗಡಿಗೆ ಹೋಗಿ ಬರಲು ಬಸ್ಸಿನಲ್ಲೇ ಒಂದು ಗಂಟೆಯ ಮೇಲೆ. ಏನೂ ಇಲ್ಲಪ್ಪ ಅಂದೆ. ಸರಳು ಹಿಡಿದುಕೊಂಡು ನಿಂತೆ. ಅಳು ಬರಲಿಲ್ಲ. ಒಲೆಯ ಮೇಲಿನ ಗಂಜಿ ತೆಗೆಯಬೇಕು ಅಂದುಕೊಂಡೆ. ಅದು ಹೆದರಿಸಿತು ನನ್ನನ್ನು, ಅಷ್ಟು ಬೇಗ ಗಂಜಿಯ ಯೋಚನೆ ಬಂದದ್ದು.

ಗಂಟೆ ಬಾರಿಸಿತು.

"ಈಗ ಬೇಡ ಅತ್ತಿಗೆ."

ಮತ್ತೆ ಬಾರಿಸಿತು. ತಿರುಗಿದೆ. ಅವರ ಮಡಿಲಲ್ಲಿ ಆ ಹಳೆಯ ಕನ್ನಡಕದ ಡಬ್ಬಿ. ಒಂದೇ ಕೈಯಲ್ಲಿ ತೆರೆಯಲಾಗದೆ ಹಲ್ಲಿಗೆ ಕಚ್ಚಿ ಎಳೆಯುತ್ತಿದ್ದರು. ತೆಗೆದುಕೊಟ್ಟೆ. ಒಳಗೆ ಕನ್ನಡಕ ಇರಲಿಲ್ಲ. ಕೀಲಿಕೈ ಇತ್ತು.

ಕೈಯಲ್ಲಿ ಹಿಡಿದು ಅವರ ಮುಖ ನೋಡಿದೆ. ಹನ್ನೊಂದು ವರ್ಷ ಅದರ ಧೂಳು ನಾನೇ ಒರೆಸಿದ್ದೆ. ಹದಿನೈದು ದಿನಕ್ಕೆಂದು ಬಂದವಳು ಹದಿನಾರನೆಯ ದಿನ ಹೋಗಿಬಿಟ್ಟರೆ ಅಂತ ಹೆದರಿದ್ದರೇನೋ. ಕೋಪ ಬರಬೇಕಿತ್ತು. ಗಡಿಯಾರ ನೋಡಿದೆ, ಒಂಬತ್ತು ಐವತ್ತು.

"ನಾಲ್ಕು ಗಂಟೆ ಹೊತ್ತು ಒಬ್ಬರೇ ಇರ್ಬೇಕಾಗುತ್ತೆ. ಗಂಟೆ ಬಾರಿಸಿದ್ರೆ ಯಾರೂ ಬರಲ್ಲ. ಇರ್ತೀರಾ?"

"ಅಲ್ಲ" ಅಂದರು. ಎಳೆದ ಅಲ್ಲ.

ನೀರಿನ ಲೋಟ ಎಡಗೈಗೆ ಎಟುಕುವಂತೆ ಇಟ್ಟೆ. ಬೀಗ ಎರಡು ಸುತ್ತು, ಎಣ್ಣೆಯಿಲ್ಲದೆ ಕಿರ್ ಅಂದಿತು. ಹೊರಗೆ ನಿಂತು ಮತ್ತೆ ಹಾಕಲು ಹೋದೆ, ಕೈ ತಾನಾಗಿಯೇ ಹೋಯಿತು. ಹಾಕಲಿಲ್ಲ. ಬಾಗಿಲು ಒರಗಿಸಿ ಇಳಿದೆ.

ಏಳನೆಯ ಪ್ರಶ್ನೆ ಬೂಟಿನ ಅಳತೆ. ಆರನೇ ನಂಬರ್ ನಾಲ್ಕು ಜನಕ್ಕೆ, ಏಳು ಒಂಬತ್ತು ಜನಕ್ಕೆ, ಎಂಟು ಐದು ಜನಕ್ಕೆ, ಒಂಬತ್ತು ಇಬ್ಬರಿಗೆ. ಬಹುಲಕ ಮತ್ತು ವ್ಯಾಪ್ತಿ ಕಂಡುಹಿಡಿಯಿರಿ. ಕೈ "9" ಎಂದು ಬರೆದೇಬಿಟ್ಟಿತ್ತು. ಮೋಟು ಅಲ್ಲ ಕೇಳಿಸಿತು. ಒಂಬತ್ತು ಜನ ಬಂದರು, ಬಂದದ್ದು ಏಳನೇ ನಂಬರಿಗೆ. ಹೊಡೆದುಹಾಕಿ 7 ಬರೆದೆ. ವ್ಯಾಪ್ತಿಗೆ ಒಂಬತ್ತರಲ್ಲಿ ಎರಡು ಕಳೆಯಲು ಹೊರಟು ನಿಂತೆ. ಜನರನ್ನಲ್ಲ, ಬೂಟನ್ನು ಕಳೆಯಬೇಕು. ಒಂಬತ್ತರಲ್ಲಿ ಆರು ಕಳೆದರೆ ಮೂರು.

ಎರಡು ಗಂಟೆಗೆ ಮೆಟ್ಟಿಲು ಹತ್ತಿದೆ. ಬಾಗಿಲು ನಾನು ಒರಗಿಸಿದಂತೆಯೇ ಇತ್ತು. ಗಂಟೆ ನೆಲದ ಮೇಲೆ ಬಿದ್ದಿತ್ತು, ಮಂಚದಿಂದ ಎರಡು ಮಾರು ದೂರ. ಅತ್ತಿಗೆ ಒದ್ದೆಯಾಗಿದ್ದರು. ಮೊದಲು ಬಟ್ಟೆ ಬದಲಾಯಿಸಿದೆ, ಹಾಸಿಗೆ ಬದಲಾಯಿಸಿದೆ, ನೀರು ಕುಡಿಸಿದೆ. ಕೆನ್ನೆಯ ಮೇಲೆ ಉಪ್ಪು ಒಣಗಿತ್ತು, ಅದನ್ನೂ ಒರೆಸಿದೆ.

"ಎಷ್ಟು ಸಲ ಬಾರಿಸಿದ್ರಿ?"

ಅಲ್ಲ ಅಂದರು. ಮೋಟೋ ಎಳೆದದ್ದೋ ತಿಳಿಯಲಿಲ್ಲ. ಆಮೇಲೆ ಬೆರಳಿಂದ ನನ್ನ ಕೈಚೀಲ ತೋರಿಸಿದರು. ಪ್ರಶ್ನೆಪತ್ರಿಕೆ ಬೇಕಂತೆ. ಏಳನೆಯದನ್ನು ಓದಿದೆ. ಗಂಟೆ ಎತ್ತಿಕೊಟ್ಟೆ. ಏಳು ಬಾರಿಸಿ, ನಿಂತು, ಮೂರು ಬಾರಿಸಿದರು.

ಇಂದಿನ ಲೆಕ್ಕದಲ್ಲಿ ಏನು ಬರೆಯಲಿ? ಸೊನ್ನೆ ಬರೆಯಲಾರೆ. ನಾನು ಕೇಳದೆ ಹೋದದ್ದು ಸೊನ್ನೆಯಲ್ಲ. ಖಾಲಿ ಬಿಟ್ಟಿದ್ದೇನೆ.


ಮಾರ್ಚ್ 27, ಗುರುವಾರ

ನಿನ್ನೆ ಸಂಜೆ ಅಣ್ಣ ಬಂದು ಬಾಗಿಲಲ್ಲೇ ನಿಂತ.

"ಬಾಗಿಲು ತೆಗೆದಿತ್ತು."

"ಹೂಂ."

"ಹೇಗೆ?"

"ಹಳೇ ಕೀಲಿಕೈ ಸಿಕ್ತು. ಕನ್ನಡಕದ ಡಬ್ಬೀಲಿ."

ಅವನು ಅತ್ತಿಗೆಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಅಲ್ಲ."

ಅವನು ಒಪ್ಪಿಕೊಂಡ. ಅವನಿಗೆ ಇನ್ನೂ ಒಂದೇ ಅಲ್ಲ ಗೊತ್ತು. ಆಮೇಲೆ ಗಡಿಯಾರದ ಕೆಳಗಿನ ಕ್ಯಾಲೆಂಡರ್ ನೋಡಿದ. ಅದರಲ್ಲಿ ಇಪ್ಪತ್ತಾರಕ್ಕೆ ನಾನೇ ಗುರುತು ಹಾಕಿದ್ದೆ. ಕುರ್ಚಿಯಲ್ಲಿ ಕೂತ, ಬೂಟು ಬಿಚ್ಚಲಿಲ್ಲ.

"ಕೈ ತಾನಾಗೇ ತಿರುಗಿಸ್ತು ಪಾಪು. ರೂಢಿ."

"ಗೊತ್ತು ಅಣ್ಣ."

ನಿಜವಾಗಿಯೂ ಗೊತ್ತಿತ್ತು.


ಮೇ 14, ಬುಧವಾರ

ಪಾಸು. ಗಣಿತದಲ್ಲಿ ಮೂವತ್ತೆಂಟು, ಮೂವತ್ತೈದು ಸಾಕಿತ್ತು. ಆ ಮೂರು ಯಾರದೆಂದು ನನಗೂ ಅವರಿಗೂ ಗೊತ್ತು.

ಅಣ್ಣ ಸಿಹಿ ತಂದ. "ಒಳ್ಳೇದಾಯ್ತು. ಇನ್ನು ಮನೇಲಿ ಆರಾಮಾಗಿ ಕೂತು ಓದ್ಕೊ" ಅಂದ. ಅತ್ತಿಗೆ ಗಂಟೆಯನ್ನು ಒಂದೇ ಸಲ ಜೋರಾಗಿ ಬಾರಿಸಿದರು. ಅವನು ಬೆಚ್ಚಿ ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಹಾಸ್ಟೆಲ್‌ನೋರು ಯಾವಾಗ ಬರಬೇಕು ಅಂದಿದ್ದಾರೆ?" ಎಂದು ಕೇಳಿದ. ಕೇಳಿದ್ದು ಅವರನ್ನೋ ನನ್ನನ್ನೋ ಸ್ಪಷ್ಟವಾಗಲಿಲ್ಲ.


ಜೂನ್ 1, ಭಾನುವಾರ

ನಾಳೆ ಹಾಸ್ಟೆಲಿಗೆ ಹೊರಡುತ್ತೇನೆ. ಹಗಲು ನೋಡಿಕೊಳ್ಳಲು ಒಬ್ಬ ದಾದಿ ಗೊತ್ತಾಗಿದ್ದಾಳೆ, ನಿಧಾನದ ಹೆಂಗಸು. ಅವಳಿಗೆ ಎರಡು ಅಲ್ಲಗಳನ್ನೂ ಕಲಿಸುತ್ತಿದ್ದೇನೆ. "ನಂಗೆ ಎರಡೂ ಒಂದೇ ಕೇಳ್ಸುತ್ತಲ್ಲಮ್ಮ" ಅನ್ನುತ್ತಾಳೆ. ಕೇಳಿಸುತ್ತದೆ, ಸ್ವಲ್ಪ ದಿನ ಬೇಕು. ಹನ್ನೊಂದು ವರ್ಷವೇನೂ ಬೇಡ.

ಕೀಲಿಕೈಯನ್ನು ದಾದಿಯ ಮುಂದೆಯೇ ಅತ್ತಿಗೆಯ ಡಬ್ಬಿಗೆ ಹಾಕಿದೆ. ಅಣ್ಣ ಬೀದಿಯ ಬೀಗದವನ ಹತ್ತಿರ ಮೂರನೆಯದನ್ನು ಮಾಡಿಸಿ ತಂದ. ಹತ್ತು ನಿಮಿಷದ ಕೆಲಸವಂತೆ.


ಜೂನ್ 8, ಭಾನುವಾರ

ಅತ್ತಿಗೆ, ಹೇಗಿದ್ದೀರಿ? ಬೆನ್ನಿನ ಹುಣ್ಣು ಒಣಗಿತೇ? ದಾದಿ ನಿಮ್ಮನ್ನು ಕಿಟಕಿಯ ಕಡೆಗೆ ತಿರುಗಿಸಿ ಮಲಗಿಸುತ್ತಾಳೆಯೇ? ಅಣ್ಣ ಫೋನು ಮರೆಯದೆ ಒಯ್ಯುತ್ತಾನೆಯೇ? ಕೆಳಗೆ ಚಪ್ಪಲಿ ಹೊಲಿಯುವವನ ಕೊಡೆಗೆ ತೇಪೆ ಬಿತ್ತೇ, ತೂತು ಹಾಗೆಯೇ ಇದೆಯೇ?

ಇಲ್ಲಿ ಎರಡು ಮಹಡಿ, ಇಪ್ಪತ್ತೆರಡು ಕೋಣೆ, ಬಾಗಿಲಲ್ಲಿ ಕರೆಗಂಟೆ. ಅದು ಸದ್ದಾದಾಗಲೆಲ್ಲ ಎದ್ದುನಿಲ್ಲುತ್ತೇನೆ. ಊಟದ ನಡುವೆಯೂ. ಹುಡುಗಿಯರು, "ಕೂತ್ಕೊಳ್ಳಿ ಆಂಟಿ, ಅದು ಹಾಲಿನವನು" ಅನ್ನುತ್ತಾರೆ. ನನ್ನ ಕೋಣೆಗೆ ಕೀಲಿಕೈ ಕೊಟ್ಟಿದ್ದಾರೆ. ಒಂದು ವಾರವಾಯಿತು, ಇನ್ನೂ ಒಂದು ಸಲವೂ ಬಾಗಿಲು ಹಾಕಿಕೊಂಡಿಲ್ಲ. ಹಾಕಿದರೆ ಎಲ್ಲಿ ಕೇಳಿಸದೆ ಹೋಗುತ್ತದೋ ಎಂದು. ಏನು ಕೇಳಿಸಬೇಕೋ ನನಗೇ ತಿಳಿಯದು. ಮಂಚದಿಂದ ಬಾಗಿಲಿಗೆ ಐದು ಹೆಜ್ಜೆ, ಆಮೇಲೆ ಎಷ್ಟು ಬೇಕಾದರೂ. ನಾನು ಐದು ನಡೆದು ನಿಲ್ಲುತ್ತೇನೆ.

ಒಬ್ಬ ಹುಡುಗಿ ಪರೀಕ್ಷೆಗೆ ಓದುತ್ತಿದ್ದಾಳೆ. ಬಹುಲಕ ಎಷ್ಟು ಅಂದರೆ ಬಂದ ಸಲ ಹೇಳಿದಳು. ನನ್ನ ಬಾಯಿಂದ ಬಂದದ್ದು ನಿಮ್ಮ ಮೋಟು ಅಲ್ಲ. ಅವಳು ಹೆದರಿಬಿಟ್ಟಳು.

ಈ ಹಾಳೆಯನ್ನು ನೋಟುಬುಕ್ಕಿನಿಂದ ಹರಿದು ಕಳಿಸುತ್ತಿದ್ದೇನೆ. ನಾನೇ ಅಂಚೆಡಬ್ಬಿಗೆ ಹಾಕುತ್ತೇನೆ, ಇಲ್ಲಿಂದ ಮೂರನೆಯ ತಿರುವಿನಲ್ಲಿದೆ. ದಾದಿ ಓದಿಹೇಳಲಿ. ಅಣ್ಣ ಓದಿದರೂ ಪರವಾಗಿಲ್ಲ. ಇದರೊಳಗೆ ನನ್ನ ವಿಳಾಸ ಬರೆದ ಕಾರ್ಡುಗಳಿವೆ, ಒಂದೊಂದರಲ್ಲೂ ಏಳು ಗೆರೆ, ಸೋಮವಾರದಿಂದ ಭಾನುವಾರಕ್ಕೆ. ಎಡಗೈಯಲ್ಲಿ ಅಂಕಿ ಮಾತ್ರ ಬರೆಯಿರಿ, ಎಷ್ಟು ಸೊಟ್ಟಗಾದರೂ ಸರಿ, ದಿನಕ್ಕೆ ಎಷ್ಟು ಸಲ ಬಾರಿಸಿದಿರಿ ಎಂದು. ರೂಢಿಬೆಲೆ, ವ್ಯಾಪ್ತಿ ನಾನು ಕಂಡುಹಿಡಿದು ನಿಮಗೆ ಬರೆಯುತ್ತೇನೆ. ತಪ್ಪಿದ್ದರೆ ಅಲ್ಲ ಅನ್ನಿ.

ಬಾರಿಸದ ದಿನವಿದ್ದರೆ ಸೊನ್ನೆ ಬರೆಯಿರಿ ಅತ್ತಿಗೆ. ಖಾಲಿ ಮಾತ್ರ ಬಿಡಬೇಡಿ. ಬೇಗ ಬರೆಯಿರಿ.